ಕಲಬುರಗಿ ಬೇಸಿಗೆಯಲ್ಲಿ ವೆಟ್ ಪ್ಯಾಲೆಟ್: ರಾತ್ರಿಯಿಡೀ ಬಣ್ಣ ಮುಚ್ಚಿಡಬೇಡಿ

ಗೊತ್ತಾಗಿದ್ದು ವಾರ್ನಿಶ್ ಹಚ್ಚುವಾಗ. 28 ಎಂಎಂ ಅಳತೆಯ ಪುಟ್ಟ ಬೊಂಬೆಯ ಮೇಲಂಗಿಯ ಕೆಂಪು ಪೂರ್ತಿ ಒಣಗಿತ್ತು, ಬೆರಳಿಗೆ ಅಂಟುತ್ತಿರಲಿಲ್ಲ. ಆದರೂ ಮ್ಯಾಟ್ ವಾರ್ನಿಶ್‌ನ ಮೊದಲ ಎಳೆತಕ್ಕೇ ಆ ಕೆಂಪು ಎದ್ದು ಬ್ರಶ್ಶಿಗೆ ಬಂತು. ಅಂಗಿಯ ಮಡಿಕೆಗಳ ಏಣಿನಲ್ಲಿ ಬೂದು ಪ್ರೈಮರ್ ಇಣುಕಿತು, ತಗ್ಗುಗಳಲ್ಲಿ ಬಿಳಿ ಪುಡಿಯಂಥ ಕಲೆ ಉಳಿಯಿತು. ಅದೇ ಪ್ಯಾಲೆಟ್ಟಿನ ಬಣ್ಣ ಹಚ್ಚಿದ ಸೆಟ್ಟಿನ ಎಲ್ಲ ಬೊಂಬೆಗಳದ್ದೂ ಅದೇ ಗತಿ. ಬಾಟಲಿಯ ಬಣ್ಣ ಕೆಟ್ಟಿರಲಿಲ್ಲ. ಅದರಿಂದಲೇ ಹೊಸದಾಗಿ ತೆಗೆದು ಹಚ್ಚಿದ ಭಾಗ ಗಟ್ಟಿಯಾಗಿ ನಿಂತಿತ್ತು. ಕೆಟ್ಟಿದ್ದು ಏಪ್ರಿಲ್ ಸೆಕೆಯಲ್ಲಿ, ವೆಟ್ ಪ್ಯಾಲೆಟ್ಟಿನೊಳಗೆ (ಒದ್ದೆ ಸ್ಪಂಜಿನ ಮೇಲೆ ಕಾಗದ ಹಾಸಿ, ಅದರ ಮೇಲೆ ಬಣ್ಣ ಹಾಕಿಕೊಳ್ಳುವ ಮುಚ್ಚಳದ ಡಬ್ಬಿ) ರಾತ್ರಿಯಿಡೀ ಮುಚ್ಚಿಟ್ಟ ಬಣ್ಣ.

ವೆಟ್ ಪ್ಯಾಲೆಟ್ ಬೇಡವೆಂದು ಹೇಳುತ್ತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿ, ಯಾದಗಿರಿ ಕಡೆ ಅದು ಇಲ್ಲದೆ ಅಕ್ರಿಲಿಕ್ ಬಳಸುವುದೇ ಕಷ್ಟ. ಫ್ಯಾನಿನ ಕೆಳಗೆ ಒಣ ತಟ್ಟೆಗೆ ಹಾಕಿದ ಹನಿ ಕೆಲವೇ ನಿಮಿಷದಲ್ಲಿ ಕೆನೆಗಟ್ಟುತ್ತದೆ. ಆದರೆ "ಮುಚ್ಚಿಟ್ಟರೆ ವಾರವಾದರೂ ಬಣ್ಣ ಹಾಗೇ ಇರುತ್ತದೆ" ಎನ್ನುವ ವಿಡಿಯೋಗಳನ್ನು ಮಾಡಿದವರು ತಂಪು ದೇಶದವರು. ಆ ಮಾತು ಇಲ್ಲಿಗೆ ಹೊಂದುವುದಿಲ್ಲ.

ರಾತ್ರಿ ಒಳಗೆ ಆಗುವುದು ಇಷ್ಟು. ಹಗಲಿನಲ್ಲಿ ಬಣ್ಣದ ಮೇಲ್ಮೈಯಿಂದ ನೀರು ಆರುತ್ತಿರುತ್ತದೆ, ಕೆಳಗಿನ ಸ್ಪಂಜು ಕಾಗದದ ಮೂಲಕ ಆ ನೀರನ್ನು ತುಂಬಿಕೊಡುತ್ತಿರುತ್ತದೆ. ಮುಚ್ಚಳ ಬಿದ್ದ ಮೇಲೆ ಆರುವುದು ನಿಂತುಹೋಗುತ್ತದೆ, ಕೆಳಗಿನಿಂದ ನೀರು ಏರುವುದು ಮಾತ್ರ ನಿಲ್ಲುವುದಿಲ್ಲ. ಬೆಳಿಗ್ಗೆ ತೆರೆದರೆ ಬಣ್ಣ ತಿಳಿಸಾರಿನಂತೆ ಹರಡಿರುತ್ತದೆ. ಭಾರದ ಪಿಗ್ಮೆಂಟ್ (ಬಣ್ಣದ ಪುಡಿ) ತಳದಲ್ಲಿ, ಬೈಂಡರ್ (ಆ ಪುಡಿಯನ್ನು ಹಿಡಿದಿಡುವ ಪಾಲಿಮರ್ ಅಂಟು) ಸೇರಿದ ನೀರು ಸುತ್ತಲೂ. ಅಕ್ರಿಲಿಕ್ ಒಣಗುವುದೆಂದರೆ ಅದರೊಳಗಿನ ಪಾಲಿಮರ್ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುವುದು. ನೀರು ಅತಿಯಾಗಿ ಬೈಂಡರ್ ಪಾಲು ಕಡಿಮೆಯಾದರೆ ಪದರ ಸಡಿಲವಾಗಿಯೇ ಉಳಿಯುತ್ತದೆ. ಕಣ್ಣಿಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ, ಹಿಡಿತವಿರುವುದಿಲ್ಲ. ಮೊದಲೇ ಕೆಳಗಿನ ಬಣ್ಣವನ್ನು ಮುಚ್ಚುವ ಶಕ್ತಿ ಕಡಿಮೆಯಿರುವ ಕೆಂಪು, ಹಳದಿಯಲ್ಲಿ ಪದೇ ಪದೇ ಕೋಟ್ ಏರಿಸುತ್ತೇವಲ್ಲ, ಅಲ್ಲಿ ಅನಾಹುತ ಹೆಚ್ಚು.

ಅನುಮಾನವಿದ್ದರೆ ವಾರ್ನಿಶ್‌ಗೆ ಮೊದಲೇ ಪರೀಕ್ಷಿಸಿ. ಹತ್ತಿಕಡ್ಡಿಯನ್ನು ಒದ್ದೆ ಮಾಡಿ ಹಿಂಡಿ, ಬೊಂಬೆಯ ಬೆನ್ನ ಮೇಲೆ ಒತ್ತದೆ ಒಮ್ಮೆ ಉರುಳಿಸಿ. ಬಣ್ಣ ಹತ್ತಿತೆಂದರೆ ಬ್ರಶ್ ವಾರ್ನಿಶ್ ತಾಗಿಸಲೇಬೇಡಿ. ಸ್ಪ್ರೇ ವಾರ್ನಿಶ್ಶನ್ನು 20–25 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಮೂರು ಸಲ ಕೊಡಿ. ಅದೂ ಬೆಳಗಿನ ತಂಪಿನಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಸ್ಪ್ರೇ ಗಾಳಿಯಲ್ಲೇ ಒಣಗಿ ಧೂಳಿನಂತೆ ಕೂರುತ್ತದೆ.

ಬಣ್ಣ ಉಳಿಸುವ ಆಸೆಗೇ ಎಲ್ಲರೂ ಮುಚ್ಚಿಡುವುದು. ಬಾಟಲಿ ಹೊರಊರಿನಿಂದ ಕೊರಿಯರಿನಲ್ಲಿ ಬರಬೇಕು, ಬೆಲೆಯೂ ಭಾಳ, ನಿಜ. ಆದರೆ ಲೆಕ್ಕ ಹಾಕಿ ನೋಡಿ: 18 ಎಂಎಲ್ ಡ್ರಾಪರ್ ಬಾಟಲಿಯಲ್ಲಿ, 1 ಎಂಎಲ್‌ಗೆ 20 ಹನಿ ಹಿಡಿದರೆ, 360 ಹನಿ. ಒಂದು ಹೊತ್ತಿಗೆ ಎರಡೇ ಹನಿ ಹಾಕಿಕೊಳ್ಳಿ, ಉಳಿದದ್ದನ್ನು ಒರೆಸಿಬಿಡಿ. ಮುಚ್ಚಳ ಊಟದ ಹೊತ್ತಿಗೆ ಇರಲಿ, ರಾತ್ರಿಗೆ ಬೇಡ. ಬೆರೆಸಿದ ಬಣ್ಣ ಮರುದಿನಕ್ಕೂ ಬೇಕೇ ಬೇಕೆಂದರೆ ಮುಚ್ಚಳ ಬಿಗಿಯಾದ ಖಾಲಿ ಡ್ರಾಪರ್ ಬಾಟಲಿಗೆ ತುಂಬಿ, ತೆಳುಗೊಳಿಸಲು ನೀರಿನ ಬದಲು ಅಕ್ರಿಲಿಕ್ ಮೀಡಿಯಂ (ಪಿಗ್ಮೆಂಟ್ ಇಲ್ಲದ ಬೈಂಡರ್ ದ್ರವ) ಹಾಕಿ.

ಇನ್ನು ಆ ಬಿಳಿ ಪುಡಿ. ಅದು ನೀರಿನದು. ಶಹಾಬಾದ ಫರಸಿ ಸಿಗುವ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಕಲ್ಲು ಒದಗಿಸುವ ಸುಣ್ಣಕಲ್ಲಿನ ನೆಲ ನಮ್ಮದು. ಬೋರ್ ನೀರು ಹಲವೆಡೆ ಸವುಳು. ಸ್ಪಂಜಿನಿಂದ ಏರಿದ ನೀರು ಆರಿದಾಗ ಸುಣ್ಣ, ಲವಣ ಬಣ್ಣದಲ್ಲೇ ಉಳಿಯುತ್ತವೆ. ಆರಿದಷ್ಟಕ್ಕೂ ಬೋರ್ ನೀರನ್ನೇ ಸುರಿಯುತ್ತಾ ಹೋದರೆ ಸ್ಪಂಜಿನಲ್ಲಿ ಲವಣ ಕೂಡುತ್ತಲೇ ಹೋಗುತ್ತದೆ. ಕಪ್ಪು, ಕಡುನೀಲಿ ಗ್ಲೇಜ್ (ಪಾರದರ್ಶಕ ತೆಳು ಕೋಟ್) ಮೇಲೆ ಇದು ಮಂಜು ಕವಿದಂತೆ ಎದ್ದು ಕಾಣುತ್ತದೆ. ಕುದಿಸಿದರೆ ಗಡಸಿನ ಒಂದು ಭಾಗ ಮಾತ್ರ ತಳಕ್ಕೆ ಕೂರುತ್ತದೆ. ಆರ್‌ಒ ನೀರು ಬಳಸಿ, ಇಲ್ಲವೇ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ರಶ್ ತೊಳೆಯಲು ಬೋರ್ ನೀರು ನಡೆಯುತ್ತದೆ, ಬಣ್ಣ ತೆಳುಗೊಳಿಸಲು ಬೇಡ.

ಕಾಗದದ ವಿಷಯದಲ್ಲೂ ಮೋಸ ಹೋಗುವುದು ಸುಲಭ, ಏಕೆಂದರೆ ಬಟರ್ ಪೇಪರ್ ಎಂದು ಕೇಳಿದರೆ ಅಂಗಡಿಯವರು ಏನನ್ನಾದರೂ ಕೊಡಬಹುದು. ಮೇಣ ಸವರಿದ್ದರೆ ನೀರು ದಾಟುವುದೇ ಇಲ್ಲ, ಬಣ್ಣ ಒಣ ತಟ್ಟೆಯಲ್ಲಿದ್ದಂತೆ ಒಣಗುತ್ತದೆ. ತೆಳು ಟ್ರೇಸಿಂಗ್ ಹಾಳೆ ನೆನೆದು ಸುಕ್ಕಾಗಿ, ಬ್ರಶ್ ತಿಕ್ಕಿದಲ್ಲಿ ನಾರು ಬಿಟ್ಟು ಬಣ್ಣಕ್ಕೆ ಸೇರುತ್ತದೆ. ಬೇಕಾಗಿರುವುದು ಬೇಕರಿಯವರು ಟ್ರೇಗೆ ಹಾಸುವ ಪಾರ್ಚ್‌ಮೆಂಟ್. ಉಗುರಿನಿಂದ ಕೆರೆದು ನೋಡಿ: ಮೇಣ ಎದ್ದರೆ ಬೇಡ. ಆಮೇಲೆ ತುಂಡನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ. ಮೆತ್ತಗಾಗಿ, ಸುರುಳಿ ಸುತ್ತದೆ ಸ್ಪಂಜಿನ ಮೇಲೆ ಮಟ್ಟಸವಾಗಿ ಮಲಗಿದರೆ ಅದು ಕೆಲಸಕ್ಕೆ ಬರುತ್ತದೆ.

ಜೋಡಿಸುವಾಗ ಸ್ಪಂಜು ಪೂರ್ತಿ ನೆನೆಯಬೇಕು, ಆದರೆ ಡಬ್ಬಿ ವಾಲಿಸಿದರೆ ಮೇಲೆ ನೀರು ಹರಿಯಬಾರದು. ಕಾಗದದ ಎರಡೂ ಬದಿ ಒದ್ದೆ ಮಾಡಿ, ನಡುವಿನಿಂದ ಅಂಚಿನತ್ತ ಸವರಿ ಗಾಳಿಗುಳ್ಳೆ ಹೊರದೂಡಿ. ಗುಳ್ಳೆ ಉಳಿದ ಜಾಗದಲ್ಲಿ ಬಣ್ಣ ಮೊದಲು ಒಣಗುತ್ತದೆ. ಮೇಲಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೇ ತಿಂಗಳಲ್ಲಿ ಅರ್ಧ ಗಂಟೆಗೊಮ್ಮೆ ಕಾಗದದ ಅಂಚು ನೋಡಿ, ಮೇಲೇಳುತ್ತಿದ್ದರೆ ಸ್ಪಂಜಿನ ಮೂಲೆಗೆ ನೀರು ಬಿಡಿ, ಕಾಗದದ ಮೇಲಲ್ಲ. ಕೂಲರಿನ ಗಾಳಿ ನೇರ ಬೀಳದಿರಲಿ.

ಮುಚ್ಚಿದ ಡಬ್ಬಿ, ಒದ್ದೆ ಸ್ಪಂಜು, ಬೆಚ್ಚಗಿನ ಕೋಣೆ: ಬೂಸ್ಟಿಗೆ ಇನ್ನೇನೂ ಬೇಡ. ತೆರೆದಾಗ ಹುಳಿ ವಾಸನೆ ಬಂದರೆ, ಕಪ್ಪು ಚುಕ್ಕೆ ಕಂಡರೆ ಕಾಗದ, ಬಣ್ಣ ಎರಡನ್ನೂ ಬಿಸಾಡಿ. ಸ್ಪಂಜನ್ನು ಐದು ನಿಮಿಷ ಕುದಿಸಿ ಬಿಸಿಲಿಗೆ ಹಾಕಿ. ಚುಕ್ಕೆ ಹೋಗದಿದ್ದರೆ ಅದನ್ನೂ ಎಸೆಯಿರಿ. ತಾಮ್ರದ ತಂತಿಯ ತುಂಡು ಹಾಕಿದರೆ ಬೂಸ್ಟು ನಿಧಾನವಾಗಬಹುದು, ನಿಲ್ಲುವುದಿಲ್ಲ. ಬ್ಲೀಚ್ ಬಳಸುವವರು ಅದಕ್ಕೆ ವಿನೆಗರ್ ಆಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಯಾವ ಕಾರಣಕ್ಕೂ ಬೆರೆಸಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತದೆ. ಬ್ರಶ್ ತುದಿಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ದಿನದ ಕೆಲಸ ಮುಗಿದ ಮೇಲೆ ಸ್ಪಂಜು ಹಿಂಡಿ ಡಬ್ಬಿ ತೆರೆದೇ ಇಡಿ. ನಮ್ಮ ಸೆಕೆ ಆಗ ಉಪಕಾರವನ್ನೇ ಮಾಡುತ್ತದೆ, ಬೆಳಗಾಗುವಷ್ಟರಲ್ಲಿ ಎಲ್ಲ ಒಣಗಿರುತ್ತದೆ.

ವಾಶ್ (ತಗ್ಗುಗಳಿಗೆ ಹರಿದು ನೆರಳು ತೋರಿಸುವ ತೆಳು ಬಣ್ಣ), ಸಿಟಡೆಲ್ ಬ್ರಾಂಡಿನ ಕಾಂಟ್ರಾಸ್ಟ್ (ಒಂದೇ ಕೋಟಿನಲ್ಲಿ ನೆರಳು-ಬೆಳಕು ತರುವ ತೆಳು ಬಣ್ಣ), ಟೆಕ್ಸ್ಚರ್ ಪೇಸ್ಟ್ (ಒರಟು ನೆಲದಂತೆ ಕಾಣಿಸುವ ದಪ್ಪ ಪೇಸ್ಟ್) ವೆಟ್ ಪ್ಯಾಲೆಟ್ ಮೇಲೆ ಹಾಕುವಂಥವಲ್ಲ. ಚಿನ್ನ, ಬೆಳ್ಳಿ ಬಣ್ಣವನ್ನಂತೂ ಹಾಕಲೇಬಾರದು: ಹೊಳಪಿನ ಚೂರುಗಳು ನೀರಿನೊಂದಿಗೆ ತೇಲಿ ಪಕ್ಕದ ಬಣ್ಣಕ್ಕೆ ಸೇರುತ್ತವೆ, ಮುಖದ ಮೈಬಣ್ಣದಲ್ಲಿ ಮಿನುಗು ಕಂಡಾಗಲೇ ಗೊತ್ತಾಗುವುದು. ಅವಕ್ಕೆ ಒಡೆದ ಟೈಲ್ಸಿನ ನುಣುಪು ತುಂಡು ಸಾಕು, ತೊಳೆಯುವ ನೀರಿನ ಲೋಟವೂ ಬೇರೆಯಿರಲಿ.