ಮಲೆನಾಡಿನ ಮನೆಗೆ ಇಂಟರ್ನೆಟ್: ಫೋನ್ ತಂತಿ, ಫೈಬರ್, 4ಜಿ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿರುವ ನಮ್ಮ ಮನೆಯಲ್ಲಿ ಫೋನ್ ತಂತಿಯ ಬ್ರಾಡ್‌ಬ್ಯಾಂಡ್, 4ಜಿ ರೂಟರ್, ಫೈಬರ್ ಮೂರನ್ನೂ ಮಳೆಗಾಲದಲ್ಲಿ ಬಳಸಿ ನೋಡಿದ್ದೇನೆ.

ಫೋನ್ ತಂತಿಯ ಸಂಪರ್ಕ ಬೇಕೆನ್ನುವವರು ಪ್ಲಾನಿನ ವೇಗಕ್ಕಿಂತ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆಯವರೆಗಿನ ತಂತಿಯ ಉದ್ದವನ್ನು ಕೇಳಿ ತಿಳಿಯಬೇಕು. ಫೋನ್ ತಂತಿಯಲ್ಲೇ ಇಂಟರ್ನೆಟ್ ತರುವ ಎಡಿಎಸ್ಎಲ್2+ ತಂತ್ರಜ್ಞಾನದ ಗರಿಷ್ಠ ವೇಗ ಸೆಕೆಂಡಿಗೆ 24 ಮೆಗಾಬಿಟ್ ಆದರೂ ಅದು ದಕ್ಕುವುದು ಎಕ್ಸ್‌ಚೇಂಜಿನ ಆಸುಪಾಸಿನ ಮನೆಗಳಿಗೆ. ತಾಮ್ರದ ತಂತಿ ಉದ್ದವಾದಷ್ಟೂ ಸಿಗ್ನಲ್ ಕ್ಷೀಣಿಸುವುದರಿಂದ, 5 ಕಿಲೋಮೀಟರ್ ಆದ ಮೇಲೆ ಒಂದೆರಡು ಮೆಗಾಬಿಟ್ ಸಿಕ್ಕರೆ ಅದೇ ಹೆಚ್ಚು. ನಕ್ಷೆಯಲ್ಲಿ ಕಾಣುವ ನೇರ ದೂರ ಇಲ್ಲಿ ಲೆಕ್ಕಕ್ಕೆ ಬಾರದು, ಏಕೆಂದರೆ ನಮ್ಮಲ್ಲಿ ತಂತಿ ಗುಡ್ಡ, ತೋಟಗಳನ್ನು ಬಳಸಿಕೊಂಡು ಬರುತ್ತದೆ. ಅಪ್‌ಲೋಡ್ ವೇಗ ಸಾಮಾನ್ಯವಾಗಿ 1 ಮೆಗಾಬಿಟ್‌ನ ಆಸುಪಾಸಿನಲ್ಲೇ ನಿಲ್ಲುವುದರಿಂದ, ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೆ ವಿಡಿಯೊ ಕರೆ ಕಷ್ಟವಾಗುತ್ತದೆ.

ಇನ್ನು ಮಳೆ. ಜಾಯಿಂಟಿನೊಳಗೆ ನೀರಿಳಿದು ತಾಮ್ರ ಕಿಲುಬು ಹಿಡಿದರೆ ಫೋನಿನಲ್ಲಿ ಕರಕರ ಸದ್ದು ಶುರುವಾಗುತ್ತದೆ, ಅದರ ಜೊತೆಗೇ ಇಂಟರ್ನೆಟ್ ಕಡಿದು ಕಡಿದು ಬರುತ್ತದೆ. ಮೊಡೆಮ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ ನಾಯ್ಸ್ ಮಾರ್ಜಿನ್ (ತಂತಿಯ ಗದ್ದಲದ ನಡುವೆಯೂ ಸಂಪರ್ಕ ಕಡಿಯದಂತೆ ಸಿಗ್ನಲಿಗಿರುವ ಹೆಚ್ಚುವರಿ ಬಲ, ಇದು ಇಳಿದಷ್ಟೂ ಸಂಪರ್ಕ ಕಡಿಯುವುದು ಹೆಚ್ಚು) ಬೇಸಿಗೆಯಲ್ಲಿ ಚೆನ್ನಾಗಿದ್ದು, ಆಷಾಢದ ಮಳೆ ಹಿಡಿದಾಗ 6 ಡೆಸಿಬಲ್‌ಗಿಂತ ಕೆಳಗಿಳಿಯುವುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಸಿಡಿಲಿನ ದಿನಗಳಲ್ಲಿ ಕರೆಂಟಿನ ಪ್ಲಗ್ ಜೊತೆಗೆ ಫೋನಿನ ತಂತಿಯನ್ನೂ ಮೊಡೆಮ್‌ನಿಂದ ತಪ್ಪದೆ ಕಳಚಿಡಬೇಕು.

4ಜಿ ರೂಟರಿಗೆ ತಂತಿಯ ಕಾಟವಿಲ್ಲ. ಆದರೆ ಟವರ್ ಮತ್ತು ಮನೆಯ ನಡುವೆ ಗುಡ್ಡವಿದ್ದರೆ ಸಿಗ್ನಲ್ ಸೊರಗುತ್ತದೆ, ಸಂಜೆ ಎಲ್ಲರೂ ಬಳಸುವ ಹೊತ್ತಿಗೆ ವೇಗ ಇಳಿಯುತ್ತದೆ, ದಿನಗಟ್ಟಲೆ ಕರೆಂಟ್ ಹೋದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ.

ಫೈಬರಿನ ಗಾಜಿನ ಎಳೆಯಲ್ಲಿ ಬೆಳಕು ಹರಿಯುವುದರಿಂದ ತಾಮ್ರಕ್ಕಿರುವ ಕಿಲುಬಿನ ತೊಂದರೆ ಅದಕ್ಕಿಲ್ಲ. ಎಕ್ಸ್‌ಚೇಂಜ್ ಹತ್ತು ಕಿಲೋಮೀಟರ್ ದೂರವಿದ್ದರೂ ವೇಗ ಕುಗ್ಗುವುದಿಲ್ಲ. ಅದರ ಕಷ್ಟ ಬೇರೆ: ಮರ ಬಿದ್ದು ಎಳೆ ತುಂಡಾದರೆ ಬೆಸೆಯಲು ಯಂತ್ರವೇ ಬರಬೇಕು, ನಮ್ಮಂಥ ಒಳಊರುಗಳಿಗೆ ಅದು ಬರುವುದು ತಡ, ತಾಮ್ರವನ್ನಾದರೆ ಲೈನ್‌ಮನ್ ಕೈಯಲ್ಲೇ ಹೊಸೆದು ಜೋಡಿಸಿ ಹೋಗುತ್ತಾರೆ. ಮನೆಯ ಫೈಬರ್ ಪೆಟ್ಟಿಗೆಗೆ ಇನ್ವರ್ಟರ್ ಕೂಡ ಬೇಕು.

ಇಷ್ಟಾದರೂ ಹತ್ತಿರದ ಕಂಬದವರೆಗೆ ಫೈಬರ್ ಬಂದಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಬಂದಿರದಿದ್ದರೆ, ತಂತಿಯ ಉದ್ದ ಎರಡು ಕಿಲೋಮೀಟರಿನೊಳಗಿದ್ದು ಜಡಿಮಳೆಯಲ್ಲೂ ಫೋನಿನ ದನಿ ಶುಭ್ರವಾಗಿ ಕೇಳುವ ಮನೆಗೆ ಮಾತ್ರ ಫೋನ್ ತಂತಿ, ಉಳಿದವರಿಗೆ 4ಜಿ. ಫೋನ್ ತಂತಿಯನ್ನೇ ತೆಗೆದುಕೊಳ್ಳುವವರು ಒಂದು ಮಳೆಗಾಲ ಕಳೆಯುವವರೆಗೆ ವರ್ಷದ ಹಣವನ್ನು ಮುಂಗಡ ಕಟ್ಟದೆ ತಿಂಗಳ ಬಿಲ್ಲಿನಲ್ಲೇ ಇರುವುದು ಒಳ್ಳೆಯದು.