‘ನಿಜವಾಗಿ ನಡೆದದ್ದು’ ಅನ್ನುವ ಅಭಿಪ್ರಾಯ ನಂಬಿ ಈ ಥ್ರಿಲ್ಲರ್ ಕೊಳ್ಳಬೇಡಿ

ಚಿಕ್ಕಮಗಳೂರು, ಹಾಸನದ ಕಡೆ ಓದುಗರ ನಡುವೆ ಈಗ ಒಂದು ಅಪಹರಣ-ಗೂಢಚಾರಿಕೆಯ ಕಾದಂಬರಿ ಕೈಯಿಂದ ಕೈಗೆ ಓಡಾಡುತ್ತಿದೆ. 1978ರ ಚಿಕ್ಕಮಗಳೂರು ಉಪಚುನಾವಣೆಯ ಹೊತ್ತಿನಲ್ಲಿ ಒಬ್ಬ ರಾಜಕಾರಣಿಯನ್ನು ವಿದೇಶಿ ಗೂಢಚಾರರು ಹೊತ್ತೊಯ್ದು ಕಾಫಿ ತೋಟದ ಬಂಗಲೆಯಲ್ಲಿ ಬಚ್ಚಿಡುವ ಕಥೆ. ಓದಿದವರ ಅಭಿಪ್ರಾಯಗಳನ್ನು ನೋಡಿ ನಮ್ಮ ಬಳಗದವರು ಒಟ್ಟಿಗೆ ದುಡ್ಡು ಹಾಕಿ ಪ್ರತಿಗಳನ್ನು ತರಿಸಿದೆವು. ಪುಸ್ತಕ ಹಿಡಿಸಲಿಲ್ಲ ಅನ್ನುವಷ್ಟಕ್ಕೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಜೊತೆ ಕೂತು ಓದುವ ಒಬ್ಬ ಹಿರಿಯರ ಮನೆತನಕ್ಕೇ ಮಸಿ ಬಳಿದ ಹಾಗಾಯಿತು.

ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಮನೆಯವರ ಹೆಸರು ಮತ್ತೆ ಜನರ ಬಾಯಿಗೆ ಬೀಳುತ್ತದೆ. ಕಥೆಯ ಎಳೆ ಮೇಲೆ ಹೇಳಿದ್ದೇನೆ, ಕೈಗೆ ಬಂದರೆ ಗುರುತು ಹತ್ತುತ್ತದೆ.

ಅಭಿಪ್ರಾಯಗಳು ಹೇಗಿದ್ದವು ಅಂದರೆ, “ಒಂದೇ ಪಟ್ಟಿಗೆ ಓದಿ ಮುಗಿಸಿದೆ”, “ಮಲೆನಾಡು ಕಣ್ಣಿಗೆ ಕಟ್ಟಿದ ಹಾಗಿದೆ”, “ಇದು ಕಥೆಯಲ್ಲ, ನಮ್ಮಿಂದ ಮುಚ್ಚಿಟ್ಟ ಇತಿಹಾಸ”. ಹತ್ತಾರು ಜನ ಹೆಚ್ಚುಕಮ್ಮಿ ಇದೇ ಮಾತು ಬರೆದಿದ್ದರು. ಪುಸ್ತಕ ಓದಿದ ಮೇಲೆ ಅವನ್ನೆಲ್ಲ ಇನ್ನೊಮ್ಮೆ ತೆಗೆದು ನೋಡಿದೆ. ಮೊದಲ ಮೂರ್ನಾಲ್ಕು ಅಧ್ಯಾಯ ದಾಟಿದ ಮೇಲಿನ ಒಂದೇ ಒಂದು ಸನ್ನಿವೇಶವನ್ನು ಯಾರೂ ಪ್ರಸ್ತಾಪಿಸಿಲ್ಲ. ಕೆಲವು ಅಭಿಪ್ರಾಯಗಳು ಅಂಗಡಿಗೆ ಪ್ರತಿ ಬರುವ ಮುಂಚೆಯೇ ಬಂದಿವೆ. ನಮ್ಮ ಬಳಗದ ಒಬ್ಬರ ತಂಗಿಯ ಮಗನಿಗೆ ಪುಸ್ತಕ ಪುಕ್ಕಟೆ ಕೊಟ್ಟು, ಐದು ನಕ್ಷತ್ರ ಹಾಕಿ ನಾಲ್ಕು ಸಾಲು ಬರೆಯಿರಿ ಅಂತ ಕೇಳಿದ್ದರಂತೆ. ಅವನು ಬರೆಯಲಿಲ್ಲ. ಬರೆದವರು ಎಷ್ಟು ಜನರೋ.

ಮೊದಲ ಭಾಗ ಚೆನ್ನಾಗಿಯೇ ಇದೆ, ಅದನ್ನು ಹೇಳಲೇಬೇಕು. ಚುನಾವಣೆಯ ಗದ್ದಲ, ಜೀಪುಗಳು, ಧ್ವಜ, ಕಾಫಿ ಹಣ್ಣು ಕೊಯ್ಲಿಗೆ ಬರುವ ಹೊತ್ತಿನ ತೋಟ, ಇದೆಲ್ಲ ಓದುವಾಗ ಖುಷಿಯಾಗುತ್ತದೆ. ಆಮೇಲೆ ಅಪಹರಣಕಾರರು ರಾತ್ರೋರಾತ್ರಿ ಚಿಕ್ಕಮಗಳೂರು ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಾರೆ. ನಾಯಕ ಬೋಗಿಯಿಂದ ಬೋಗಿಗೆ ಹಾರಿ ಅವರ ಬೆನ್ನು ಹತ್ತುತ್ತಾನೆ. ಪುಸ್ತಕದ ಅತಿ ರೋಚಕ ಭಾಗ ಇದೇ ಅಂತ ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾಗಿದೆ. ಚರ್ಚೆಗೆ ಕೂತ ದಿನ, ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ದುಡಿದು ನಿವೃತ್ತರಾದ ನಮ್ಮ ರಾಯರು ಮೊದಲು ಬಾಯಿ ಬಿಟ್ಟಿದ್ದು ಇದಕ್ಕೇ. “ಅಲ್ರೀ, ಎಪ್ಪತ್ತೆಂಟರಲ್ಲಿ ಈ ಊರಿಗೆ ರೈಲು ಎಲ್ಲಿತ್ತು? ರೈಲು ಬೇಕು ಅಂದ್ರೆ ಬಸ್ಸು ಹತ್ಕೊಂಡು ಕಡೂರಿಗೆ ಹೋಗ್ತಿದ್ವಿ.” ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಓಡಿದ್ದು 2013ರಲ್ಲಿ. ಇಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ ಅದು. ‘ಕಣ್ಣಿಗೆ ಕಟ್ಟಿದ ಹಾಗಿದೆ’ ಅಂದವರಲ್ಲಿ ಒಬ್ಬರಾದರೂ ಆ ಪುಟ ತೆರೆದಿದ್ದರೆ?

ರಾಯರು ಅಲ್ಲಿಗೇ ಬಿಡಲಿಲ್ಲ. ಕಥೆಯಲ್ಲಿ ಖಳನಾಯಕ ತೋಟದ ಬಂಗಲೆಯಿಂದ ನೇರವಾಗಿ ದಿಲ್ಲಿಗೆ ಫೋನ್ ತಿರುಗಿಸಿ ಗುಟ್ಟು ಮಾತಾಡುತ್ತಾನೆ. “ತೋಟದ ಫೋನು ನಮ್ಮ ಕೈ ದಾಟದೆ ಹೋಗ್ತಿರ್ಲಿಲ್ಲ. ದಿಲ್ಲಿಗೆ ಅಂದ್ರೆ ನಮ್ಮ ಎಕ್ಸ್‌ಚೇಂಜ್‌ನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ಬೇಕಿತ್ತು. ಅಷ್ಟು ಹೊತ್ತಿಗೆ ಅರ್ಧ ಊರಿಗೆ ಗೊತ್ತಾಗಿರೋದು” ಅಂದರು. ಇನ್ನು ನಮ್ಮ ದೇಶದ ಗೂಢಚಾರ ಸಂಸ್ಥೆ ‘ರಾ’ದ ಅಧಿಕಾರಿಯೊಬ್ಬ ಬಂದು ತೋಟದವರನ್ನು ಸಾಲಾಗಿ ಬಂಧಿಸುತ್ತಾನೆ. 1968ರಲ್ಲಿ ಹುಟ್ಟಿದ ಆ ಸಂಸ್ಥೆಯ ಕೆಲಸ ಹೊರದೇಶಗಳ ಮಾಹಿತಿ ಕಲೆಹಾಕುವುದು. ಕೋಳ ಹಾಕುವ ಅಧಿಕಾರ ಇರುವುದು ಪೊಲೀಸರಿಗೆ.

ಕಥೆ ಅಂದಮೇಲೆ ಇಷ್ಟು ಸ್ವಾತಂತ್ರ್ಯ ಇರಬೇಡವೇ ಅಂತ ಕೆಲವರು ಕೇಳಿದರು. ಇರಲಿ. ಲೇಖಕರು ಕಥೆ ಅಂತ ಹೇಳಿ ಬರೆದಿದ್ದರೆ ರೈಲನ್ನು ಮುಳ್ಳಯ್ಯನಗಿರಿಯ ತುದಿಗೆ ಹತ್ತಿಸಿದರೂ ನನಗೆ ತಕರಾರಿಲ್ಲ. ಅಭಿಪ್ರಾಯ ಬರೆದವರು ಇದನ್ನು ನಡೆದ ಸಂಗತಿ ಅಂತ ಮಾರಿದ್ದಾರೆ, ಅದಕ್ಕೆ ನಿಜ ಘಟನೆಗಳನ್ನು ಊರುಗೋಲು ಮಾಡಿಕೊಂಡಿದ್ದಾರೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿ ಇಲ್ಲಿ ನಿಂತಿದ್ದು, ವೀರೇಂದ್ರ ಪಾಟೀಲರನ್ನು ಸೋಲಿಸಿದ್ದು ನಿಜ. ಡಿಸೆಂಬರ್ 19ರಂದು ಲೋಕಸಭೆ ಅವರ ಸದಸ್ಯತ್ವ ಕಿತ್ತು ಜೈಲಿಗೆ ಕಳಿಸಿದ್ದೂ ನಿಜ. ಮರುದಿನವೇ ಪಾಂಡೆ ಅನ್ನುವ ಹೆಸರಿನ ಇಬ್ಬರು ಯುವಕರು ಆಟಿಕೆ ಪಿಸ್ತೂಲು ಹಿಡಿದು ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ವಾರಾಣಸಿಗೆ ತಿರುಗಿಸಿ, ಅವರ ಬಿಡುಗಡೆಗೆ ಪಟ್ಟು ಹಿಡಿದರು. ಒಬ್ಬ ಮಹಾನುಭಾವರ ಅಭಿಪ್ರಾಯದ ಪ್ರಕಾರ ಆ ವಿಮಾನ ಅಪಹರಣ ನಮ್ಮೂರಿನ ತೋಟದ ಅಪಹರಣದ ಮುಂದುವರಿಕೆ! ವಿಮಾನದ ಸುದ್ದಿ ಹುಡುಕಿದವರಿಗೆ ಅದು ಸಿಗುತ್ತದೆ. ಸಿಕ್ಕಿದ್ದೇ ತಡ, ತೋಟದ ಕಥೆಯೂ ನಿಜವಿರಬೇಕು ಅಂದುಕೊಳ್ಳುತ್ತಾರೆ.

ಅಪಹರಣ ಅಂದರೇನು ಅಂತ ಈ ರಾಜ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದಾಗ 108 ದಿನ ಮನೆಮನೆಯಲ್ಲೂ ಅದೇ ಮಾತು. 2002ರಲ್ಲಿ ಅವನೇ ಹೊತ್ತೊಯ್ದ ಮಾಜಿ ಸಚಿವ ನಾಗಪ್ಪ ಅವರು ಜೀವಂತ ಮರಳಲಿಲ್ಲ. ದೇಶದ ಪತ್ರಕರ್ತರೆಲ್ಲ ಚಿಕ್ಕಮಗಳೂರಿನಲ್ಲಿ ಬೀಡುಬಿಟ್ಟಿದ್ದ ಚುನಾವಣೆಯಲ್ಲಿ ಒಬ್ಬ ರಾಜಕಾರಣಿ ಕಾಣೆಯಾದರೆ ಯಾರಿಗೂ ತಿಳಿಯದೆ ಉಳಿಯುತ್ತಿತ್ತೇ?

ಆದರೂ ಜನ ನಂಬಿದರು. ಕಾದಂಬರಿಯಲ್ಲಿ ಬಂಗಲೆಯ ಗುರುತು ಸ್ಪಷ್ಟವಾಗಿ ಕೊಟ್ಟಿದ್ದಾರೆ: ಕೆರೆ, ಎರಡು ಸಂಪಿಗೆ ಮರ, ತಿರುವಿನಲ್ಲಿ ಬಸವಣ್ಣನ ಗುಡಿ. ಒಬ್ಬರು ಅಭಿಪ್ರಾಯದಲ್ಲಿ “ಆ ತೋಟ ಯಾರದ್ದು ಅಂತ ನಮ್ಮ ಕಡೆಯವರಿಗೆ ಗೊತ್ತೇ ಇದೆ” ಅಂತ ಬರೆದರು. ಅದರ ಕೆಳಗೆ ಇನ್ನೊಬ್ಬರು ಮನೆತನದ ಹೆಸರನ್ನೇ ಹಾಕಿದರು. ಆ ಮನೆಯ ಅಮ್ಮ ನಮ್ಮ ಬಳಗದವರು. ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು, “ನಿಮ್ಮ ಮಾವನವರು ದೇಶದ್ರೋಹಿಗಳಿಗೆ ಮನೆ ಬಿಟ್ಟುಕೊಟ್ಟಿದ್ರಂತೆ, ಹೌದಾ?” ಅಂತ ಕೇಳಿದರಂತೆ. ಎಂಬತ್ತು ದಾಟಿದ ಜೀವ. ಎಲೆ ಮುಂದೆ ಕೂತಿದ್ದವರು ಎದ್ದು ಬಂದರು. ನಮ್ಮ ಸಭೆಗೂ ಈಗ ಬರುತ್ತಿಲ್ಲ. ನಾವು ಮನೆಗೆ ಹೋಗಿ ಕರೆದೆವು. “ಬೇಡ ಕಣಮ್ಮಾ, ಎಲ್ಲರ ಮುಖ ನೋಡಿ ಉತ್ತರ ಹೇಳೋ ಶಕ್ತಿ ಇಲ್ಲ” ಅಂದರು. ಅವರ ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ತಮ್ಮ ಪರ ಮಾತಾಡಲು ಅವರಿಲ್ಲ. ಹೆಸರು ಹಾಕಿದವರಿಗೆ ಬರೆದು ಅಳಿಸಿ ಅಂತ ಕೇಳಿಕೊಂಡೆವು. ಒಬ್ಬರು ಅಳಿಸಿದರು, ಇನ್ನೊಬ್ಬರು ಉತ್ತರ ಕೊಟ್ಟಿಲ್ಲ.

ಈ ಬಗೆಯ ಕಾದಂಬರಿ ಕೊಳ್ಳುವ ಮುಂಚೆ ಹೊಗಳಿಕೆ ಬದಿಗಿಟ್ಟು ತೆಗಳಿದವರ ಮಾತು ಮೊದಲು ಓದಿ. ಇದಕ್ಕೂ ಒಬ್ಬರು “ಆ ಕಾಲಕ್ಕೆ ರೈಲು?” ಅಂತ ಮೂರೇ ಪದದ ಪ್ರಶ್ನೆ ಹಾಕಿದ್ದರು, ಅದು ಎಲ್ಲೋ ತಳದಲ್ಲಿ ಹೂತುಹೋಗಿತ್ತು. ‘ನಿಜ ಘಟನೆ’ ಅಂದವರು ಯಾವ ಪತ್ರಿಕೆ, ಯಾವ ದಿನ ಅಂತ ಹೇಳಿದ್ದಾರೆಯೇ ನೋಡಿ. ನಿಮ್ಮ ಗುಂಪಿನಲ್ಲಿ ಯಾರಾದರೂ ಆ ಮನೆತನದ ಹೆಸರಿರುವ ಅಭಿಪ್ರಾಯ ಹಂಚಿದ್ದರೆ ದಯವಿಟ್ಟು ಇವತ್ತೇ ತೆಗೆಸಿ. ಸಕಲೇಶಪುರ, ಬೇಲೂರು, ಕಡೂರಿನ ಬಳಗಗಳು ಪುಸ್ತಕವನ್ನು ಓದಿಯೇ ತೀರಬೇಕು ಅಂತಿದ್ದರೆ ದುಡ್ಡು ಕೊಡಬೇಡಿ, ನಮ್ಮಲ್ಲಿ ಬಿದ್ದಿರುವ ಪ್ರತಿಗಳನ್ನೇ ತೆಗೆದುಕೊಂಡು ಹೋಗಿ. ಬಂಗಲೆಯ ಗುರುತಿರುವ ಪುಟದಲ್ಲಿ, ಇದು ಕಟ್ಟುಕಥೆ ಅಂತ ರಾಯರೇ ಬರೆದು ಚೀಟಿ ಅಂಟಿಸಿದ್ದಾರೆ.