ಕೆಳಗೆ ಟೈಟಾನಿಯಂ, ಮೇಲೆ ಏನು? ಇಂಪ್ಲಾಂಟ್ ಹಲ್ಲಿನ ಜೊತೆ ನನ್ನ ಹನ್ನೊಂದು ವರ್ಷ

ಕೆಳಗಿನ ಎಡಗಡೆಯ ದೊಡ್ಡ ದವಡೆ ಹಲ್ಲು 2014ರಲ್ಲಿ ಹೋಯಿತು. ಎರಡು ಸಲ ರೂಟ್ ಕೆನಾಲ್ ಮಾಡಿಸಿದ್ದರೂ ಬೇರು ಸೀಳಿತ್ತು, ಕೀಳಿಸದೆ ಗತಿಯಿರಲಿಲ್ಲ. ಆ ಜಾಗಕ್ಕೆ ಹಾಕಿಸಿದ ಇಂಪ್ಲಾಂಟ್, ಅಂದರೆ ಮೂಳೆಗೇ ಕೂರಿಸಿದ ಕೃತಕ ಹಲ್ಲು, ಇವತ್ತಿಗೂ ಅಲ್ಲಾಡಿಲ್ಲ. ಮೇಲಿನ ಕ್ಯಾಪ್ ಮಾತ್ರ ಒಮ್ಮೆ ಬದಲಾಗಿದೆ. ಮೊದಲ ಐದು ವರ್ಷ ಇದ್ದದ್ದು ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್. 2020ರ ಜನವರಿಯಿಂದ ಪೂರಾ ಜಿರ್ಕೋನಿಯಾ ಅನ್ನುವ ಗಟ್ಟಿ ಸೆರಾಮಿಕ್. ಒಂದೇ ಬಾಯಲ್ಲಿ, ಒಂದೇ ಜಾಗದಲ್ಲಿ ಎರಡನ್ನೂ ಬಳಸಿ ನೋಡಿದವರು ಕಡಿಮೆ ಅಂತ ಇದನ್ನು ಬರೆಯುತ್ತಿದ್ದೇನೆ. "ಸೆರಾಮಿಕ್ ಒಳ್ಳೇದಾ, ಮೆಟಲ್ ಒಳ್ಳೇದಾ" ಅಂತ ಕೇಳುವವರು ಮೊದಲು ಯಾವ ಭಾಗಕ್ಕೆ ಅನ್ನುವುದನ್ನು ತಿಳಿದುಕೊಳ್ಳಿ.

ಇದು ಒಂದು ಹಲ್ಲಲ್ಲ, ಮೂರು ತುಂಡು. ಮೂಳೆಯೊಳಗೆ ಕೂರುವ ಸ್ಕ್ರೂ, ವಸಡಿನಿಂದ ಮೇಲೆ ಬರುವ ಅಬಟ್‌ಮೆಂಟ್, ಅದರ ಮೇಲೆ ಕ್ಯಾಪ್. ಸ್ಕ್ರೂ ವಿಚಾರದಲ್ಲಿ ಟೈಟಾನಿಯಂ ಬಿಟ್ಟು ಬೇರೆ ಯೋಚನೆಯನ್ನೇ ನಾನು ಮಾಡುವುದಿಲ್ಲ. ಮೊಲದ ಮೂಳೆಯೊಳಗೆ ಇಟ್ಟ ಟೈಟಾನಿಯಂ ಮೂಳೆಗೇ ಬೆಸೆದುಕೊಳ್ಳುತ್ತದೆ ಅನ್ನುವುದನ್ನು ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1950ರ ದಶಕದಲ್ಲಿ ಕಂಡುಕೊಂಡರು, 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷ, ಆ ಇಂಪ್ಲಾಂಟ್‌ಗಳಲ್ಲೇ ಉಂಡರು. ಜಿರ್ಕೋನಿಯಾ ಸ್ಕ್ರೂಗಳೂ ಬಂದಿವೆ, ಆದರೆ ಅಷ್ಟು ಉದ್ದದ ಚರಿತ್ರೆ ಅವಕ್ಕಿಲ್ಲ. ಮಂಡಿ ನೋವಿಗೆ ನನಗೆ ಎಂ.ಆರ್.ಐ. ಮಾಡಬೇಕಾಗಿ ಬಂದಾಗಲೂ ತೊಂದರೆ ಆಗಲಿಲ್ಲ. ಟೈಟಾನಿಯಂ ಆಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಮೊದಲೇ ತಿಳಿಸಿದ್ದೆ, ಮಾಡಿಸಿಕೊಂಡು ಬಂದೆ.

ಇನ್ನು ಕ್ಯಾಪ್. ಮೊದಲನೆಯದಕ್ಕೆ ಏಳು ಸಾವಿರ ಕೊಟ್ಟಿದ್ದೆ, ಸಿಮೆಂಟ್ ಹಾಕಿ ಅಂಟಿಸಿದ್ದರು. ಅಗಿಯಲು ಯಾವ ಕೊರತೆಯೂ ಇರಲಿಲ್ಲ. ಎರಡು ವರ್ಷವಾದ ಮೇಲೆ ವಸಡು ಸ್ವಲ್ಪ ಇಳಿದು ಅಂಚಿನಲ್ಲಿ ಕಪ್ಪು ಗೆರೆ ಕಾಣಿಸಿತು. ಹಿಂದಿನ ಹಲ್ಲು, ಯಾರು ನೋಡುತ್ತಾರೆ ಅಂತ ಸುಮ್ಮನಿದ್ದೆ.

2019ರ ಕಡಲೆಕಾಯಿ ಪರಿಷೆ. ದೊಡ್ಡ ಗಣಪತಿ ಗುಡಿ ಹತ್ತಿರ ನಿಪ್ಪಟ್ಟು ತಗೊಂಡು ನಡೀತಾ ತಿನ್ನುತ್ತಿದ್ದೆ. ಮನೆಗೆ ಬಂದು ನೀರು ಕುಡಿಯುವಾಗ ನಾಲಿಗೆಗೆ ಏನೋ ಚೂಪಾಗಿ ತಾಗಿತು. ಕನ್ನಡಿಯಲ್ಲಿ ನೋಡಿದರೆ ಕೆನ್ನೆ ಕಡೆಯ ಪಿಂಗಾಣಿ ಒಂದು ಚಕ್ಕೆ ಎದ್ದುಹೋಗಿದೆ, ಒಳಗಿನ ಬೂದು ಲೋಹ ಹೊಳೀತಿದೆ. ಮುರಿದದ್ದು ಯಾವಾಗ ಅಂತಲೇ ನನಗೆ ಗೊತ್ತಾಗಿರಲಿಲ್ಲ. ಅದರ ಕಾರಣ ಆಮೇಲೆ ತಿಳಿಯಿತು. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಒಂದು ತೆಳು ನಾರಿನ ಪದರ ಇರುತ್ತದೆ. ಅನ್ನದಲ್ಲಿ ಒಂದು ಮರಳು ಕಾಳು ಸಿಕ್ಕಿದರೂ ಆ ಪದರ ಕೂಡಲೇ ಎಚ್ಚರಿಸುತ್ತದೆ, ದವಡೆ ತಾನಾಗೇ ಬಿಗಿ ಬಿಡುತ್ತದೆ. ಇಂಪ್ಲಾಂಟ್ ನೇರ ಮೂಳೆಗೆ ಬೆಸೆದಿರುವುದರಿಂದ ಆ ಸೂಕ್ಷ್ಮ ಇಲ್ಲ. ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆ ಅಂತ ತಿಳಿಯದೆ ಪೂರಾ ಭಾರ ಕ್ಯಾಪ್ ಮೇಲೆ ಬೀಳುತ್ತದೆ. ಲೋಹ ಅದನ್ನು ತಡೆದುಕೊಳ್ಳುತ್ತದೆ, ಮೇಲೆ ಹಚ್ಚಿದ ಪಿಂಗಾಣಿ ತಡೆಯುವುದಿಲ್ಲ.

ತೆಗೆಯುವಾಗ ಇನ್ನೊಂದು ಸಂಗತಿ ಬಯಲಾಯಿತು. ಅಂಟಿಸಿದ ಕ್ಯಾಪ್ ಆದ್ದರಿಂದ ಕೊರೆದು ಸೀಳಿಯೇ ತೆಗೆಯಬೇಕಾಯಿತು. ಡಾಕ್ಟರು ವಸಡಿನ ಸಂದಿಯಿಂದ ಅಕ್ಕಿ ನುಚ್ಚಿನಷ್ಟು ಗಟ್ಟಿ ಸಿಮೆಂಟ್ ತೆಗೆದು ಹತ್ತಿಯ ಮೇಲಿಟ್ಟು ತೋರಿಸಿದರು. ವರ್ಷಗಟ್ಟಲೆ ಅಲ್ಲಿ ಹಲ್ಲುಜ್ಜಿದಾಗಲೆಲ್ಲ ರಕ್ತ ಬರುತ್ತಿತ್ತು. ನಾನೇ ಸರಿಯಾಗಿ ಉಜ್ಜುತ್ತಿಲ್ಲ ಅಂದುಕೊಂಡು ಬ್ರಷ್ ಬದಲಾಯಿಸುತ್ತಾ ಇದ್ದೆ. ಉಳಿದ ಸಿಮೆಂಟ್ ಹಾಗೇ ಬಿಟ್ಟರೆ ಸುತ್ತಲಿನ ಮೂಳೆಯೇ ಕರಗಬಹುದಂತೆ. ಇದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಕ್ಯಾಪ್ ಕೂರಿಸಿದ ದಿನ ಒಂದು ಎಕ್ಸ್‌ರೇ ತೆಗೆದಿದ್ದರೆ ಅವತ್ತೇ ಕಾಣಿಸಬಹುದಿತ್ತು.

ಹಾಗಾಗಿ ಎರಡನೆಯದು ಸ್ಕ್ರೂ ಹಾಕಿ ಬಿಗಿಯುವ ಜಿರ್ಕೋನಿಯಾ ಕ್ಯಾಪ್. ಹದಿನಾಲ್ಕು ಸಾವಿರ ಆಯಿತು. ಜಿರ್ಕೋನಿಯಂ ಲೋಹ, ಜಿರ್ಕೋನಿಯಾ ಅದರ ಆಕ್ಸೈಡ್, ಅಂದರೆ ಸೆರಾಮಿಕ್. ಒಂದೇ ಗಟ್ಟಿಯಿಂದ ಕೊರೆದು ತೆಗೆಯುವುದರಿಂದ ಚಕ್ಕೆ ಏಳಲು ಮೇಲೆ ಬೇರೆ ಪದರವೇ ಇಲ್ಲ. ಆದರೆ "ಮೆಟಲ್ ಫ್ರೀ" ಅನ್ನುವ ಬೋರ್ಡನ್ನು ಪೂರಾ ನಂಬಬೇಡಿ. ನನ್ನ ಕ್ಯಾಪ್‌ನ ತಳದಲ್ಲಿ ಟೈಟಾನಿಯಂನ ಒಂದು ಚಿಕ್ಕ ತುಂಡು ಇದೆ, ಇರಲೂ ಬೇಕು. ಗಡಸು ಜಿರ್ಕೋನಿಯಾ ನೇರವಾಗಿ ಕೂತರೆ ಕೆಳಗಿನ ಟೈಟಾನಿಯಂ ಸ್ಕ್ರೂವಿನ ಬಾಯಿ ಸವೆಯುತ್ತದೆ.

ಆರು ವರ್ಷ ಆಗುತ್ತಾ ಬಂತು, ಕಾಂಗ್ರೆಸ್ ಕಡಲೆಬೀಜ, ಚಕ್ಕುಲಿ, ಕೋಡುಬಳೆ ಯಾವುದಕ್ಕೂ ಒಂದು ಗೀರು ಬಿದ್ದಿಲ್ಲ. ಕಾಫಿ ಕಲೆಯೂ ಹಿಡಿದಿಲ್ಲ. ವಸಡಿನ ರಕ್ತ ನಿಂತಿತು, ಕಪ್ಪು ಗೆರೆ ಹೋಯಿತು. ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಕೂರಿಸಿದ ಹೊಸದರಲ್ಲಿ ಕ್ಯಾಪ್ ಸ್ವಲ್ಪ ಎತ್ತರವಾಗಿತ್ತು, ಮೇಲಿನ ಹಲ್ಲು ಜುಮ್ ಅನ್ನುತ್ತಿತ್ತು. ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿ ಸರಿ ಮಾಡಿದರು. ಹಾಗೆ ಉಜ್ಜಿದ ಜಾಗವನ್ನು ಮತ್ತೆ ನುಣ್ಣಗೆ ಪಾಲಿಶ್ ಮಾಡಲೇಬೇಕು, ಇಲ್ಲದಿದ್ದರೆ ಆ ಒರಟು ಎದುರಿನ ಹಲ್ಲನ್ನು ತಿನ್ನುತ್ತದೆ. 2022ರಲ್ಲಿ ಕ್ಯಾಪ್ ಬಿಗಿಯುವ ಒಳಗಿನ ಚಿಕ್ಕ ಸ್ಕ್ರೂ (ಮೂಳೆಯೊಳಗಿನದಲ್ಲ) ಒಮ್ಮೆ ಸಡಿಲವಾಯಿತು, ಅಗಿಯುವಾಗ ಟಕ್ ಅಂತ ಸಣ್ಣಗೆ ಆಡುತ್ತಿತ್ತು. ಆ ಸ್ಕ್ರೂಗೆಂದು ಕ್ಯಾಪ್ ಮೇಲೆ ಇರುವ ತೂತಿನ ಫಿಲ್ಲಿಂಗ್ ತೆಗೆದು, ಬಿಗಿ ಅಳೆಯುವ ಸ್ಪ್ಯಾನರ್‌ನಲ್ಲಿ ಬಿಗಿದು, ಮತ್ತೆ ಮುಚ್ಚಿದರು. ಕಾಲು ಗಂಟೆ ಕೆಲಸ. ಅಂಟಿಸಿದ ಕ್ಯಾಪ್ ಆಗಿದ್ದರೆ ಮತ್ತೆ ಸೀಳಬೇಕಿತ್ತು.

ಅದೇ ವರ್ಷ ಅಮ್ಮನ ಮೇಲಿನ ಮುಂದಿನ ಹಲ್ಲಿಗೂ ಇಂಪ್ಲಾಂಟ್ ಆಯಿತು. ಅಲ್ಲಿ ಲೆಕ್ಕವೇ ಬೇರೆ. ಅಮ್ಮನ ವಸಡು ತೆಳು, ಲೋಹದ ಅಬಟ್‌ಮೆಂಟ್ ಇಟ್ಟರೆ ಬೂದು ನೆರಳು ಕಾಣುತ್ತದೆ ಅಂದರು. ಜೊತೆಗೆ ಒಂದು ಗ್ರಾಂ ಗೋಲ್ಡ್ ಓಲೆ ಹಾಕಿದರೂ ಅವರ ಕಿವಿ ಕೆರೆತ, ನಿಕ್ಕಲ್ ಆಗುವುದಿಲ್ಲ. ಅಗ್ಗದ ಲೋಹದ ಕ್ಯಾಪ್‌ಗಳಲ್ಲಿ ಹೆಚ್ಚಾಗಿ ನಿಕ್ಕಲ್-ಕ್ರೋಮಿಯಂ ಇರುತ್ತದೆ. ಹೀಗಾಗಿ ಅಬಟ್‌ಮೆಂಟೂ ಕ್ಯಾಪೂ ಎರಡೂ ಜಿರ್ಕೋನಿಯಾ, ತಳದಲ್ಲಿ ಮಾತ್ರ ಟೈಟಾನಿಯಂ.

ಬಣ್ಣ ಹೊಂದಿಸಲು ಹಲ್ಲು ತಯಾರಿಸುವ ಲ್ಯಾಬಿಗೇ ಕಳಿಸಿದ್ದರು. ಅಲ್ಲಿನ ಹುಡುಗ, ಟ್ಯೂಬ್‌ಲೈಟ್ ಕೆಳಗೆ ಬೇಡ ಅಮ್ಮ, ಕಿಟಕಿ ಹತ್ರ ಬನ್ನಿ ಅಂತ ಕರೆದು ಬಣ್ಣದ ಪಟ್ಟಿ ಹಿಡಿದ. "ಸುಣ್ಣ ಹೊಡೆದ ಹಾಗೆ ಬೆಳ್ಳಗೆ ಮಾಡ್ಬೇಡಪ್ಪ, ನನ್ನ ವಯಸ್ಸಿಗೆ ಇರೋ ಬಣ್ಣ ಹಾಕು" ಅಂದರು ಅಮ್ಮ. ಆಗತಾನೇ ಮಿಷನ್ನಿನಿಂದ ಕೊರೆದು ತೆಗೆದಿದ್ದ ಯಾರದೋ ಹಲ್ಲನ್ನು ಆತ ತೋರಿಸಿದ. ಸೀಮೆಸುಣ್ಣದ ಹಾಗೆ ಮೆತ್ತಗೆ, ಅಳತೆಗಿಂತ ಸುಮಾರು ಕಾಲು ಪಾಲು ದೊಡ್ಡದು. ಸುಮಾರು 1500 ಡಿಗ್ರಿ ಕುಲುಮೆಯಲ್ಲಿ ಸುಟ್ಟ ಮೇಲೆ ಅದು ಕುಗ್ಗಿ, ಗಟ್ಟಿಯಾಗಿ, ಸರಿಯಾದ ಅಳತೆಗೆ ಬರುತ್ತದಂತೆ. ಅಮ್ಮ ಅದನ್ನು ಅಂಗೈಲಿಟ್ಟು ತುಂಬಾ ಹೊತ್ತು ನೋಡಿದರು. ಮೂರು ವರ್ಷ ಆಯಿತು, ಪಕ್ಕದ ಹಲ್ಲಿಗೂ ಇದಕ್ಕೂ ವ್ಯತ್ಯಾಸ ನನಗೇ ಗೊತ್ತಾಗುವುದಿಲ್ಲ.

ಕೊನೆಗೆ ಒಂದು ವಿಷಯ, ದಯವಿಟ್ಟು ಮರೆಯಬೇಡಿ. ಇಂಪ್ಲಾಂಟ್ ಯಾವ ಕಂಪನಿ, ಯಾವ ಅಳತೆ, ಲಾಟ್ ನಂಬರ್ ಎಷ್ಟು ಅಂತ ಬರೆದ ಕಾರ್ಡ್ ಕೇಳಿ ಇಸಿದುಕೊಳ್ಳಿ. ನನಗೆ 2014ರಲ್ಲಿ ಯಾರೂ ಕೊಡಲಿಲ್ಲ. ಐದು ವರ್ಷದ ಹೊತ್ತಿಗೆ ಆ ಕ್ಲಿನಿಕ್ ಮುಚ್ಚಿತ್ತು. ಒಂದೊಂದು ಕಂಪನಿಯ ಸ್ಕ್ರೂಗೆ ಒಂದೊಂದು ಬಗೆಯ ಸ್ಕ್ರೂಡ್ರೈವರ್, ಹೊಸ ಡಾಕ್ಟರು ಎಕ್ಸ್‌ರೇ ನೋಡಿ ಕಂಪನಿ ಗುರುತಿಸಿ, ಬಿಡಿಭಾಗ ತರಿಸುವಷ್ಟರಲ್ಲಿ ಮೂರು ವಾರ ಒಂದೇ ಕಡೆ ಅಗಿದು ಊಟ ಮಾಡಿದೆ. ಈಗ ಅಮ್ಮನದೂ ನನ್ನದೂ ಎರಡು ಕಾರ್ಡ್ ಬೀರುವಿನಲ್ಲಿ, ಗ್ಯಾಸ್ ಪುಸ್ತಕದ ಒಳಗಿವೆ.